ಮೂರನೆಯ ಹೆಜ್ಜೆ ಯಾರದು

ದಾನೇಶ್ವರಿಯ ಪೆನ್ನು ಎರಡನೆಯ ಹೆಜ್ಜೆಯಲ್ಲಿ ನಿಂತುಬಿಟ್ಟಿತು. ಹತ್ತನೆಯ ತರಗತಿಯ ಎ ವಿಭಾಗದಲ್ಲಿ ಮೊದಲ ಸಾಲಿನಲ್ಲಿ ಕುಳಿತಿದ್ದ ಆ ಹುಡುಗಿಯ ಹಣೆಗೆ ಎರಡು ಬೆರಳಗಲದ ಬೂದು ಬಣ್ಣದ ಪಟ್ಟಿಯೊಂದನ್ನು ಕಟ್ಟಲಾಗಿತ್ತು. ಅವಳು ಸಮೀಕರಣವನ್ನು ನೋಡಿದಳು, ಪೆನ್ನಿನ ಟೋಪಿ ಕಚ್ಚಿದಳು, ಪಕ್ಕದ ಗೆಳತಿ ಅಕ್ಷತಾಳ ಮುಖ ನೋಡಿದಳು. ಹತ್ತು ಸೆಕೆಂಡು ಕಳೆಯಿತು. ಪಟ್ಟಿ ಸ್ವಲ್ಪ ಬೆಚ್ಚಗಾಯಿತು. ಅದರಿಂದ ಸದ್ದು ಬರಲಿಲ್ಲ, ಅದರ ಮೇಲೆ ಅಕ್ಷರವೂ ಮೂಡಲಿಲ್ಲ. ಆದರೆ ದಾನೇಶ್ವರಿಗೆ ಇದ್ದಕ್ಕಿದ್ದಂತೆ ಸಮೀಕರಣದಲ್ಲಿದ್ದ ಆರನ್ನು ಅರ್ಧ ಮಾಡಬೇಕು ಅನ್ನಿಸಿತು. ಯಾರೂ ಹೇಳಿರಲಿಲ್ಲ, ಅವಳಿಗೇ ಅನ್ನಿಸಿತು. ‘ಆರರ ಅರ್ಧ ಮೂರು’ ಎಂದು ಬರೆದು ಮುಂದಕ್ಕೆ ಹೋದಳು.

ಅದೇ ಮಿಡಿತಪಟ್ಟಿ. ಎರಡು ಸಾವಿರದ ನಲವತ್ತೇಳನೆಯ ಇಸವಿಯಲ್ಲಿ ಅದು ಇನ್ನೂ ಹೊಸದು. ಗಣಿತ ಬಲ್ಲವರೊಬ್ಬರು ಲೆಕ್ಕ ಬಿಡಿಸುವಾಗ, ಕೈ ಮುಂದಿನ ಸಾಲು ಬರೆಯುವುದಕ್ಕೆ ಅರೆಕ್ಷಣ ಮೊದಲು ಮಿದುಳಿನಲ್ಲಿ ಒಂದು ಸಣ್ಣ ಅಲುಗಾಟವಾಗುತ್ತದೆ. ಒಲೆಯ ಮೇಲೆ ಹಾಲು ಉಕ್ಕಿ ಬಂದಾಗ ಯೋಚನೆಗೆ ಮೊದಲೇ ಕೈ ಪಾತ್ರೆಯ ಕಡೆ ಹೋಗುತ್ತದಲ್ಲ, ಹಾಗೆ. ವಿಜ್ಞಾನಿಗಳು ಇದಕ್ಕೆ ಹೆಜ್ಜೆಮಿಡಿತ ಎಂದು ಹೆಸರಿಟ್ಟಿದ್ದರು. ಶಿಕ್ಷಕರು ಗುರುಪಟ್ಟಿ ಕಟ್ಟಿಕೊಂಡು ಲೆಕ್ಕ ಬಿಡಿಸಿದರೆ ಅವರ ಹೆಜ್ಜೆಮಿಡಿತಗಳೆಲ್ಲ ಅದರಲ್ಲಿ ದಾಖಲಾಗುತ್ತವೆ. ಮಕ್ಕಳು ಕಟ್ಟಿಕೊಳ್ಳುವುದು ಶಿಷ್ಯಪಟ್ಟಿ. ಮಗು ಎಲ್ಲಿ ತಡವರಿಸಿತೋ ಅಲ್ಲಿಯ ಮಿಡಿತವನ್ನು ಮಾತ್ರ ಅದು ಮೆಲ್ಲಗೆ ಮಗುವಿಗೆ ದಾಟಿಸುತ್ತದೆ. ಉತ್ತರ ಹೇಳಿಕೊಡುವುದಿಲ್ಲ. ಮುಂದಿನ ಹೆಜ್ಜೆ ಇಡಬೇಕೆಂಬ ಆಸೆಯನ್ನಷ್ಟೇ ಕೊಡುತ್ತದೆ.

ದಾನೇಶ್ವರಿಯ ಕೈ ನಡೆಸಿದ್ದು ಆ ತರಗತಿಯ ಗಣಿತ ಶಿಕ್ಷಕ ಗುರುಪಾದಪ್ಪ ಸೂಡಿಯವರ ಮಿಡಿತ. ಊರಿಗೆಲ್ಲ ಅವರು ಸೂಡಿ ಸರ್. ಬಿಳಿಕಲ್ಲೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದವರು. ತನ್ನ ತಲೆಯೊಳಗಿನದು ಮೂವತ್ತನಾಲ್ಕು ಹಣೆಗಳಲ್ಲಿ ಓಡಾಡುವುದನ್ನು ಕಣ್ಣಾರೆ ಕಂಡ ಮನುಷ್ಯ ಹಿಗ್ಗಬೇಕಾಗಿತ್ತು. ಸೂಡಿ ಸರ್ ಹಿಗ್ಗಲಿಲ್ಲ. ತರಗತಿಯ ಹಿಂದಿನ ಗೋಡೆಗೆ ಆತು ನಿಂತು, ಗೋಡೆಯಾಚೆ ಬಿ ವಿಭಾಗದಲ್ಲಿ ಏನು ನಡೆಯುತ್ತಿದೆಯೆಂದು ಕಿವಿಗೊಟ್ಟಿದ್ದರು.

ಬಿ ವಿಭಾಗದ ಮಕ್ಕಳ ಹಣೆಯಲ್ಲಿದ್ದುದು ಜೈತುನ್ ನದಾಫ್ ಟೀಚರ್ ಅವರ ಮಿಡಿತ.

ಬಳಸು ಮಾತು ಬೇಡ. ಸೂಡಿ ಸರ್‌ಗೆ ನದಾಫ್ ಟೀಚರ್ ಎಂದರೆ ಹೊಟ್ಟೆಕಿಚ್ಚು. ಆಕೆ ಅವರಿಗಿಂತ ಹದಿನೇಳು ವರ್ಷ ಚಿಕ್ಕವರು, ಈ ಶಾಲೆಗೆ ವರ್ಗವಾಗಿ ಬಂದು ಐದು ವರ್ಷವಾಗಿತ್ತು. ಆ ಐದು ವರ್ಷದಲ್ಲಿ ಆಕೆಯ ತರಗತಿಯಿಂದ ದಿನಕ್ಕೆ ಎಷ್ಟು ಸಲ ನಗು ಕೇಳುತ್ತದೆಂಬುದು ಸೂಡಿ ಸರ್‌ಗೆ ಗೊತ್ತಿತ್ತು. ಶಿಕ್ಷಕರ ದಿನಾಚರಣೆಗೆ ಆಕೆಯ ಮೇಜಿನ ಮೇಲೆ ಎಷ್ಟು ಗುಲಾಬಿ ಇದ್ದವು, ತನ್ನ ಮೇಜಿನ ಮೇಲೆ ಎಷ್ಟಿದ್ದವು ಎಂಬುದೂ ಗೊತ್ತಿತ್ತು. ಆಕೆ ಗದಗದಿಂದ ಬಸ್ಸಿನಲ್ಲಿ ಬಂದರೂ ಪ್ರಾರ್ಥನೆಗೆ ತಡವಾಗದಿರುವುದು ಕೂಡ ಅವರಿಗೆ ತನ್ನ ಮೇಲಿನ ಸೇಡಿನಂತೆ ಕಾಣುತ್ತಿತ್ತು. ಅವರ ಹೆಂಡತಿ ಗೌರವ್ವನಿಗೆ ಇದೆಲ್ಲ ಬಾಯಿಪಾಠವಾಗಿತ್ತು.

“ಆ ಟೀಚರ ಹೆಸರು ಬಂದ್ರ ನಿಮ್ಮ ಚಹಾ ತಣ್ಣಗಾಗ್ತೈತಿ,” ಎಂದು ಆಕೆ ಒಮ್ಮೆ ಹೇಳಿದ್ದರು. “ಒಂದಿನ ಅಕೀನ್ನ ಮನೀಗರ ಕರಕೊಂಡ ಬರ್ರಿ, ನಾನೂ ನೋಡ್ತೀನಿ.”

“ನೋಡೂದೇನೈತಿ? ಎಲ್ಲಾ ಟೀಚರಂಗ ಅಕೀನೂ ಒಬ್ಬಾಕಿ,” ಎಂದು ಸೂಡಿ ಸರ್ ಸಿಡುಕಿದ್ದರು. ಚಹಾ ಆಗಲೂ ತಣ್ಣಗಾಗಿತ್ತು.

ಈಗ ಆ ಕಿಚ್ಚಿಗೆ ಗಾಳಿ ಹಾಕಿದವರು ಡಾಕ್ಟರ್ ವಾರಿಜಾ ಕಡಕೋಳ. ಧಾರವಾಡದ ಸಂಶೋಧನಾಲಯವೊಂದರಿಂದ ಬಂದ ಮೂವತ್ತೆರಡರ ವಿಜ್ಞಾನಿ. ಮಿಡಿತಪಟ್ಟಿ ಆಕೆಯ ತಂಡದ ಕೂಸು. ಒಂದೇ ಶಾಲೆಯಲ್ಲಿ ಇಬ್ಬರು ಒಳ್ಳೆಯ ಗಣಿತ ಶಿಕ್ಷಕರಿದ್ದಾರೆಂದು ಕೇಳಿ ಬಿಳಿಕಲ್ಲೂರನ್ನು ಆರಿಸಿಕೊಂಡಿದ್ದರು. ಇಬ್ಬರಿಂದಲೂ ಅವೇ ನಲವತ್ತು ಲೆಕ್ಕಗಳನ್ನು ಮಾಡಿಸಿ ದಾಖಲು ಮಾಡಿಕೊಂಡು, ಒಬ್ಬರದನ್ನು ಎ ವಿಭಾಗಕ್ಕೆ, ಇನ್ನೊಬ್ಬರದನ್ನು ಬಿ ವಿಭಾಗಕ್ಕೆ ಹಾಕಿದ್ದರು.

“ಒಂದು ತಿಂಗಳು ನೋಡ್ತೀವಿ ಸರ್,” ಎಂದು ಆಕೆ ಶಿಕ್ಷಕರ ಕೊಠಡಿಯಲ್ಲಿ ವಿವರಿಸಿದ್ದರು. “ಆಮ್ಯಾಲೆ ಒಂದು ಗುರುಪಟ್ಟಿ ಮಾತ್ರ ಆರಸ್ತೀವಿ. ಅದು ರಾಜ್ಯದ ಎಲ್ಲಾ ಕನ್ನಡ ಶಾಲಿಗೂ ಹೋಗ್ತದ.”

“ಅದರ ಮ್ಯಾಲೆ ಹೆಸರು ಇರ್ತೈತೇನ್ರಿ?” ಎಂದು ಸೂಡಿ ಸರ್ ಕೇಳಿದರು.

“ಇರ್ತದಲ್ರಿ. ಯಾರ ಹೆಜ್ಜಿನೋ ಅವರ ಹೆಸರು.”

ಸೂಡಿ ಸರ್‌ಗೆ ನಿವೃತ್ತಿಗೆ ಹತ್ತು ತಿಂಗಳಿತ್ತು. ಅವರ ಬೋರ್ಡಿನ ಮೇಲಿನ ಬರಹವೆಲ್ಲ ಪ್ರತಿ ಸಂಜೆ ಒರೆಸಿ ಹೋಗಿತ್ತು, ಮೂವತ್ತೈದು ವರ್ಷ. ಈ ಪಟ್ಟಿಯೊಂದು ತನ್ನದಾದರೆ ತಾನು ಮನೆಯಲ್ಲಿ ಕುಳಿತಿದ್ದರೂ ಲಕ್ಷ ಮಕ್ಕಳು ತನ್ನ ಹಾಗೆ ಲೆಕ್ಕ ಬಿಡಿಸುತ್ತಾರೆ. ಅಷ್ಟು ದೊಡ್ಡ ಆಸೆ ಅವರಿಗೆ ಹಿಂದೆಂದೂ ಆಗಿರಲಿಲ್ಲ. ಮತ್ತು ಅದು ಆಕೆಯದಾದರೆ ತಾನು ಬದುಕಿರುವವರೆಗೂ ಆ ಹೆಸರು ಕೇಳಬೇಕು. ಎರಡರಲ್ಲಿ ಯಾವುದು ಅವರ ನಿದ್ದೆ ಕೆಡಿಸಿತೆಂದು ಅವರಿಗೂ ಗೊತ್ತಿರಲಿಲ್ಲ.

ಅವರಿಗೆ ಗೆಲ್ಲುವ ಭರವಸೆ ಇದ್ದದ್ದು ಕೌದಿ ಲೆಕ್ಕದಲ್ಲಿ. ನಲವತ್ತು ಲೆಕ್ಕಗಳಲ್ಲಿ ಅದು ಕಡೆಯದು. ವರ್ಗ ಸಮೀಕರಣವನ್ನು ವರ್ಗ ಪೂರ್ಣಗೊಳಿಸಿ ಬಿಡಿಸುವ ವಿಧಾನಕ್ಕೆ, ಬಟ್ಟೆ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಯ ಮೇಲಿಂದ, ಜಿಲ್ಲೆಯ ಶಿಕ್ಷಕರೆಲ್ಲ ಇಟ್ಟಿದ್ದ ಹೆಸರು ಅದು. ‘ಸೂಡಿ ಸರ್ ಕೌದಿ’ ಎಂದರೆ ತರಬೇತಿ ಶಿಬಿರಗಳಲ್ಲಿ ಗೊತ್ತಿಲ್ಲದವರಿಲ್ಲ. ಅದಕ್ಕಾಗಿ ಅವರಿಗೆ ಜಿಲ್ಲಾ ಪ್ರಶಸ್ತಿ ಬಂದಿತ್ತು, ಶಾಲು ಹೊದಿಸಿದ ಫೋಟೋ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ತೂಗುತ್ತಿತ್ತು.

ಬೋರ್ಡಿನ ಮೇಲೆ ಅವರು ಹೀಗೆ ಬರೆಯುತ್ತಿದ್ದರು:

x² + 6x − 40 = 0

“ಮೊದಲನೇ ಹೆಜ್ಜಿ, ನಲವತ್ತನ್ನ ಆ ಕಡೆ ದಾಟಿಸ್ರಿ. ಎಕ್ಸ್ ವರ್ಗ, ಆರು ಎಕ್ಸ್, ಎರಡೂ ಕೂಡಿ ನಲವತ್ತು. ಈಗ ಲೆಕ್ಕ ಮರತಬಿಡ್ರಿ. ಇದು ಕೌದಿ. ನಡುವ ಒಂದು ಚೌಕಾದ ಅರಬಿ ಐತಿ, ಅದರ ಬದಿ ಎಕ್ಸ್. ಅದಕ್ಕ ಜೋಡಸಾಕ ಆರು ಅಗಲದ ಪಟ್ಟಿ ಒಂದೈತಿ. ಒಂದೇ ಕಡೆ ಹಚ್ಚಿದ್ರ ಕೌದಿ ಉದ್ದಾಗ್ತೈತಿ, ಚೌಕಾಗೂದಿಲ್ಲ. ಅದಕ್ಕ ಎರಡನೇ ಹೆಜ್ಜಿ, ಪಟ್ಟಿನ್ನ ಅರ್ಧಕ್ಕ ಸೀಳ್ರಿ. ಮೂರು ಅಗಲದ್ದು ಬಲಕ್ಕೊಂದು, ಮೂರು ಅಗಲದ್ದು ಕೆಳಗೊಂದು ಹಚ್ಚಿರಿ. ಏನ ಉಳೀತು?”

“ಮೂಲಿ ಉಳೀತ್ರಿ ಸರ!” ಎಂದು ಮಕ್ಕಳು ಕೂಗುತ್ತಿದ್ದರು.

“ಆ ಮೂಲಿ ತುಂಡು ಎಷ್ಟರದು? ಮೂರು ಮೂರಲೆ ಒಂಬತ್ತು. ಅದs ಮೂರನೇ ಹೆಜ್ಜಿ. ಈ ಕಡೆ ಒಂಬತ್ತು ಹಚ್ಚಿದ್ರ ಆ ಕಡೆನೂ ಒಂಬತ್ತು ಹಚ್ಚಬೇಕು. ನಾಲ್ಕನೇ ಹೆಜ್ಜಿ, ಕೌದಿ ಪೂರಾ ಚೌಕಾತು. ನಲವತ್ತೊಂಬತ್ತು. ಐದನೇ ಹೆಜ್ಜಿ, ಅದರ ಬದಿ ಏಳು, ಅದರಾಗ ಮೂರು ಕಳದ್ರ ಎಕ್ಸ್ ಅಂದ್ರ ನಾಕು. ಇನ್ನೊಂದು ಉತ್ತರ ಮೈನಸ್ ಹತ್ತು. ಮೈನಸ್ ಹತ್ತು ಮೊಳದ ಕೌದಿ ಯಾರೂ ಹೊಲಿಯೂದಿಲ್ಲ, ಖರೆ. ಆದ್ರ ಪೇಪರಿನ್ಯಾಗ ಬರೀದಿದ್ರ ಮಾರ್ಕ್ಸ್ ಕಟ್ ಆಗ್ತೈತಿ.”

ಒಮ್ಮೆ ಕೇಳಿದ ಮಗು ಮರೆಯುತ್ತಿರಲಿಲ್ಲ. ನದಾಫ್ ಟೀಚರ್ ಕೂಡ ತಮ್ಮ ತರಗತಿಯಲ್ಲಿ ಅದೇ ಕೌದಿಯನ್ನೇ ಬರೆಯುತ್ತಿದ್ದರು. ಜಿಲ್ಲೆಯೆಲ್ಲ ಬರೆಯುವಾಗ ಆಕೆ ಬರೆದದ್ದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ.

ಮೂರು ವಾರ ಕಳೆದವು. ಮೂವತ್ತೊಂಬತ್ತು ಲೆಕ್ಕಗಳಲ್ಲಿ ಎರಡೂ ವಿಭಾಗ ಸಮಸಮವಾಗಿ ಬಂದವು. ಕೌದಿ ಲೆಕ್ಕದಲ್ಲಿ ಮಾತ್ರ ಬಿ ವಿಭಾಗದ ಪ್ರತಿಯೊಂದು ಮಗುವೂ ನಾಲ್ಕು ಸೆಕೆಂಡು ತಡ ಮಾಡಿತು. ಎಲ್ಲರೂ ಮೂರನೆಯ ಹೆಜ್ಜೆಯಲ್ಲೇ, ಎಲ್ಲರೂ ನಾಲ್ಕೇ ಸೆಕೆಂಡು. ವಾರಿಜಾ ಅದನ್ನು ದಾಖಲಾತಿಯ ದೋಷವಿರಬೇಕೆಂದು ಗುರುತು ಹಾಕಿಕೊಂಡರು. ಸೂಡಿ ಸರ್ ಅಂದು ಇಡೀ ಶಿಕ್ಷಕರ ಕೊಠಡಿಗೆ ಚಹಾ ತರಿಸಿದರು.

“ನಾಕು ಸೆಕೆಂಡಂದ್ರ ಸಣ್ಣದಲ್ರಿ,” ಎಂದರು, ಯಾರಿಗೆಂದು ಹೇಳದೆ ಎಲ್ಲರಿಗೂ ಕೇಳುವಂತೆ. “ಬೋರ್ಡ್ ಪರೀಕ್ಷಾದಾಗ ನಾಕ್ನಾಕು ಸೆಕೆಂಡ್ ಸೇರಿ ಒಂದು ಲೆಕ್ಕನ ಹೋಗಿಬಿಡ್ತೈತಿ.”

ನದಾಫ್ ಟೀಚರ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. “ಇರ್ಲಿ ಬಿಡ್ರಿ ಸರ,” ಎಂದರು. “ಹುಡುಗರಿಗೆ ಸ್ವಲ್ಪ ಕಾಯೂದೂ ಗೊತ್ತಾಗ್ಲಿ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸೂಡಿ ಸರ್‌ಗೆ ಚಹಾ ಇನ್ನೂ ರುಚಿಸುತ್ತಿತ್ತು.

ನಾಲ್ಕನೆಯ ವಾರದ ಸೋಮವಾರ ಎ ವಿಭಾಗದಲ್ಲಿ ಅಷ್ಟು ದಿನ ಯಾರ ಕಣ್ಣಿಗೂ ಬೀಳದ ಒಂದು ವಿಚಿತ್ರ ಕಂಡಿತು. ಕೌದಿ ಲೆಕ್ಕ ಕೊಟ್ಟಿದ್ದರು. ಮಕ್ಕಳು ನಲವತ್ತನ್ನು ದಾಟಿಸಿದರು, ಆರನ್ನು ಅರ್ಧ ಮಾಡಿದರು, ಮೂರನೆಯ ಹೆಜ್ಜೆಗೆ ಬಂದರು. ಒಬ್ಬೊಬ್ಬರಾಗಿ ಮೂವತ್ತನಾಲ್ಕು ಮಕ್ಕಳೂ ಎಡಗೈ ಎತ್ತಿ ಪುಸ್ತಕಕ್ಕೆ ಅಡ್ಡ ಹಿಡಿದರು. ಅಡ್ಡ ಹಿಡಿದೇ ಒಂಬತ್ತು ಕೂಡಿಸಿದರು. ನಾಲ್ಕನೆಯ ಹೆಜ್ಜೆಗೆ ಹೋದಮೇಲೆ ಕೈ ತೆಗೆದರು. ವಾರಿಜಾ ಬಂದು ದಾನೇಶ್ವರಿಯ ಪಕ್ಕ ಕುಳಿತರು.

“ಕೈ ಯಾಕ ಮುಚ್ಚಿದಿ ತಂಗಿ?”

ದಾನೇಶ್ವರಿ ತನ್ನ ಕೈಯನ್ನೇ ನೋಡಿಕೊಂಡಳು. “ಗೊತ್ತಿಲ್ರಿ ಮೇಡಮ್. ಇಲ್ಲಿಗೆ ಬಂದಕೂಡ್ಲೆ ಯಾರರ ನೋಡಿಬಿಡ್ತಾರ ಅನಸ್ತೈತ್ರಿ.”

“ನೋಡಿದ್ರೇನಾತು?”

“ಇದು ನಂದಲ್ಲ ಅಂತ ಗೊತ್ತಾಗಿಬಿಡ್ತೈತ್ರಿ.” ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. “ಅಲ್ರಿ ಮೇಡಮ್, ಲೆಕ್ಕ ನಾನs ಮಾಡೀನ್ರಿ! ಖರೇನ ನಾನs ಮಾಡೀನ್ರಿ!”

ಹಿಂದೆ ಗೋಡೆಗೆ ಆತು ನಿಂತಿದ್ದ ಸೂಡಿ ಸರ್ ಬೆನ್ನು ತೆಗೆದು ನೆಟ್ಟಗಾದರು.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಗುರುವಾರದ ಹೊತ್ತಿಗೆ ದಾನೇಶ್ವರಿ ಮತ್ತು ಅಕ್ಷತಾ ಬೆಂಚಿನ ನಡುವೆ ಸೀಮೆಸುಣ್ಣದಿಂದ ಗೆರೆ ಎಳೆದಿದ್ದರು. ಒಂದನೆಯ ತರಗತಿಯಿಂದ ಒಂದೇ ಡಬ್ಬಿಯಲ್ಲಿ ಉಂಡ ಹುಡುಗಿಯರು. ಅಕ್ಷತಾ ಗಣಿತದಲ್ಲಿ ಸ್ವಲ್ಪ ಹಿಂದೆ, ದಾನೇಶ್ವರಿ ಹೇಳಿಕೊಟ್ಟರೇ ಅವಳಿಗೆ ತಿಳಿಯುವುದು. ಈಗ ದಾನೇಶ್ವರಿ ಹೇಳಿಕೊಡುತ್ತಿರಲಿಲ್ಲ. ಯಾಕೆಂದು ಕೇಳಿದರೆ ಅವಳಿಗೆ ಅಳು ಬರುತ್ತಿತ್ತು.

ಶುಕ್ರವಾರ ಮಧ್ಯಾಹ್ನ ವಾರಿಜಾ ಪ್ರಯೋಗಶಾಲೆಯ ಮೇಜಿನ ಮೇಲೆ ಒಂದು ಉದ್ದನೆಯ ಕಾಗದ ಹರಡಿ ಸೂಡಿ ಸರ್ ಅವರನ್ನು ಕರೆದರು. ಅದರ ಮೇಲೆ ಅವರ ಮಿಡಿತದ ಗೆರೆಗಳಿದ್ದವು.

“ಈ ಎತ್ತರದ್ದು ನೋಡ್ರಿ ಸರ್, ಇದು ಲೆಕ್ಕದ್ದು. ಇದರ ಬೆನ್ನಿಗೆ ಈ ಸಣ್ಣ ಉಬ್ಬು ಅದಲ್ಲ, ಇದು ಲೆಕ್ಕದ್ದಲ್ಲ. ಮೂವತ್ತೊಂಬತ್ತು ಲೆಕ್ಕದಾಗ ಎಲ್ಲೂ ಇಲ್ಲ. ಕೌದಿ ಲೆಕ್ಕದ ಮೂರನೇ ಹೆಜ್ಜಿಯೊಳಗ ಮಾತ್ರ ಅದ.”

“ಮತ್ತ ಅದು ಏತರದು?”

“ಏನರ ಮುಚ್ಚಿಡೂವಾಗ ಬರೂವಂಥಾದ್ದು. ಕಿಸೇದಾಗ ಏನೋ ಇಟ್ಕೊಂಡ ಹುಡುಗ ಕಿಸೇದ ಮ್ಯಾಲೆ ಕೈ ಇಟ್ಕೊಂಡು ನಿಂದರ್ತಾನಲ್ಲ, ಅವನ್ನ ಅಳದ್ರ ಇಂಥಾದ್ದೇ ಬರ್ತದ.”

“ನಿಮ್ಮ ಯಂತ್ರಕ್ಕ ಮನಸಿನ ಮಾತು ಓದಾಕ ಬರ್ತೈತೇನು?” ಸೂಡಿ ಸರ್ ದನಿ ಏರಿತು.

“ಇಲ್ರಿ. ಮಾತು ಓದಲಿಕ್ಕೆ ಬರೂದಿಲ್ಲ. ಪಟ್ಟಿ ಭಾಳ ದಡ್ಡ, ಅದು ನಮ್ಮದೇ ತಪ್ಪು. ಯಾವುದು ಲೆಕ್ಕ, ಯಾವುದು ಹೆದರಿಕಿ, ಯಾವುದು ಹೊಟ್ಟಿಕಿಚ್ಚು ಅಂತ ಪಟ್ಟಿಗೆ ಬ್ಯಾರೆ ಮಾಡಲಿಕ್ಕೆ ಬರೂದಿಲ್ಲ. ಹೆಜ್ಜಿ ಇಡೂವಾಗ ನಿಮ್ಮೊಳಗ ಏನೇನಿತ್ತೋ ಅಷ್ಟನ್ನೂ ಹುಡುಗರಿಗೆ ಕೊಟ್ಟುಬಿಡ್ತದ. ನಮಗ ಇದು ಹೊಳದಿರಲಿಲ್ಲ.”

“ಹೊಟ್ಟಿಕಿಚ್ಚಂತ ಯಾರಂದ್ರು?”

“ಯಾರೂ ಅಂದಿಲ್ರಿ. ಉದಾಹರಣಿಗೆ ಹೇಳಿದೆ.”

ಸೂಡಿ ಸರ್ ಕಾಗದದ ಆ ಸಣ್ಣ ಉಬ್ಬನ್ನೇ ನೋಡುತ್ತ ನಿಂತರು. ಅದು ಯಾತರದು ಎಂದು ಜಗತ್ತಿನಲ್ಲಿ ಇಬ್ಬರಿಗೆ ಗೊತ್ತಿತ್ತು.

ಹನ್ನೆರಡು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ಹತ್ತನೆಯ ತರಗತಿಯ ಉತ್ತರ ಪತ್ರಿಕೆಗಳ ಮೌಲ್ಯಮಾಪನ ನಡೆದಿತ್ತು. ಸೂಡಿ ಸರ್ ಒಂದು ಕೊಠಡಿಯ ಮುಖ್ಯಸ್ಥರು. ನದಾಫ್ ಟೀಚರ್ ಆಗ ಕೆಲಸಕ್ಕೆ ಸೇರಿದ ಹೊಸತು, ಅದೇ ಕೊಠಡಿಯಲ್ಲಿ ಮೌಲ್ಯಮಾಪಕಿ. ಇದೇ ವರ್ಗ ಸಮೀಕರಣದ ಲೆಕ್ಕ, ಪತ್ರಿಕೆ ಪತ್ರಿಕೆಯಲ್ಲೂ ಒಂದೇ ತಪ್ಪು. ಮಕ್ಕಳು ಒಂಬತ್ತನ್ನು ಎಡಬದಿಗೆ ಕೂಡಿಸಿ ಬಲಬದಿಗೆ ಬಿಟ್ಟುಬಿಟ್ಟಿದ್ದರು. ಹೆಜ್ಜೆಗೆ ಇಷ್ಟಿಷ್ಟೆಂದು ಅಂಕ ಕೊಡುವ ಪದ್ಧತಿಯಿರುವುದರಿಂದ ಮೊದಲೆರಡು ಹೆಜ್ಜೆಗೆ ಅಂಕ ಕೊಟ್ಟು ಮೂರನೆಯದರಲ್ಲಿ ಕೆಂಪು ಗೆರೆ ಎಳೆಯುವುದೇ ದಿನವಿಡೀ ಕೆಲಸವಾಗಿತ್ತು.

ಊಟದ ಬಿಡುವಿನಲ್ಲಿ ಸೂಡಿ ಸರ್, “ಆ ಒಂಬತ್ತು ಯಾಕ ಕೂಡಸಬೇಕು ಅಂತ ಹುಡುಗರಿಗೆ ತಿಳಿಯವಲ್ದು, ನಾವೂ ತಿಳಿಸಿಲ್ಲ,” ಎಂದು ಗೊಣಗಿದ್ದರು. ಬುತ್ತಿಯ ಕೆಳಗೆ ಹಾಸಿದ್ದ ದಿನಪತ್ರಿಕೆಯ ಅಂಚಿನಲ್ಲಿ ಆ ಹೊಸ ಟೀಚರ್ ಒಂದು ಚೌಕ ಬರೆದರು.

“ನಮ್ಮವ್ವ ಕೌದಿ ಹೊಲಿತಾಳ್ರಿ ಸರ. ಎರಡೂ ಕಡೆ ಪಟ್ಟಿ ಹಚ್ಚಿದ ಮ್ಯಾಲೆ ಒಂದು ಮೂಲಿ ಖಾಲಿ ಉಳೀತೈತಿ ನೋಡ್ರಿ. ಅದಕ್ಕೊಂದು ತುಂಡು ಬೇಕಾಗ್ತೈತಿ. ಆ ತುಂಡs ಈ ಒಂಬತ್ತು ಅಂತ ಹೇಳಿದ್ರ?”

ಸೂಡಿ ಸರ್ ಆ ಚಿತ್ರವನ್ನು ಬಹಳ ಹೊತ್ತು ನೋಡಿ, “ಚಲೋ ಐತಿ,” ಎಂದಷ್ಟೇ ಹೇಳಿದರು. ಎರಡು ತಿಂಗಳಾದ ಮೇಲೆ ತರಬೇತಿ ಶಿಬಿರದಲ್ಲಿ ಬೋರ್ಡಿನ ಮೇಲೆ ಕೌದಿ ಬರೆದರು. ಯಾರೋ, “ಎಲ್ಲಿಂದ ಹೊಳೀತ್ರಿ ಸರ ಇದು?” ಎಂದರು. ಆಗ ಒಂದು ಹೆಸರು ಹೇಳಬೇಕಾಗಿತ್ತು. “ಹಂಗs ಹೊಳೀತು,” ಎಂದುಬಿಟ್ಟರು. ಆಮೇಲೆ ಶಾಲು, ಪ್ರಶಸ್ತಿ, ಫೋಟೋ. ಏಳು ವರ್ಷದ ನಂತರ ಆ ಟೀಚರ್ ಇದೇ ಶಾಲೆಗೆ ವರ್ಗವಾಗಿ ಬಂದು ಫೋಟೋದ ಕೆಳಗೆ ನಿಂತು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದರು. ಒಂದು ಮಾತೂ ಆಡಲಿಲ್ಲ.

ತೆಗೆದುಕೊಂಡವರಿಗೆ ಕಳೆದುಕೊಂಡವರ ಮೇಲೆ ಹೊಟ್ಟೆಕಿಚ್ಚೇಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ಸರಳವಾಗಿತ್ತು. ಆ ಕೌದಿ ಆಕೆಯ ತಲೆಯಲ್ಲಿ ರೊಟ್ಟಿ ತಿನ್ನುವ ಬಿಡುವಿನಲ್ಲಿ ತಾನಾಗಿ ಹುಟ್ಟಿತ್ತು. ಸೂಡಿ ಸರ್ ತಲೆಯಲ್ಲಿ ಮೂವತ್ತೈದು ವರ್ಷದಲ್ಲಿ ಅಂಥದ್ದು ಒಂದೂ ಹುಟ್ಟಿರಲಿಲ್ಲ. ಅವರದು ಒಳ್ಳೆಯ ಅಕ್ಷರ, ಒಳ್ಳೆಯ ದನಿ, ಒಳ್ಳೆಯ ಶಿಸ್ತು. ಹೊಳೆಯುವುದೊಂದು ಮಾತ್ರ ಇರಲಿಲ್ಲ. ಆಕೆಯನ್ನು ಕಂಡಾಗಲೆಲ್ಲ ಅದು ನೆನಪಾಗುತ್ತಿತ್ತು.

ವಾರಿಜಾ ಆ ಲೆಕ್ಕವನ್ನು ಮತ್ತೆ ದಾಖಲು ಮಾಡಿದರು. ಏನನ್ನೂ ನೆನೆಯಬಾರದೆಂದು ಹಲ್ಲು ಕಚ್ಚಿಕೊಂಡು ಸೂಡಿ ಸರ್ ಬರೆದರು. ಉಬ್ಬು ದೊಡ್ಡದಾಗಿ ಬಂತು. ಮೂರನೆಯ ಸಲ ಇನ್ನೂ ದೊಡ್ಡದಾಯಿತು.

“ಹಂಗಾರ ಅಕೀದs ತಗೋರಿ,” ಎಂದರು ಕಡೆಗೆ, ಪಟ್ಟಿಯನ್ನು ಮೇಜಿನ ಮೇಲೆ ಎಸೆದು. “ನಾಕು ಸೆಕೆಂಡ್ ತಡಾದ್ರೂ ಅಡ್ಡಿ ಇಲ್ಲೇನು?”

“ಅದೂ ಸರಿ ಇಲ್ಲ ಸರ್. ಕಾರಣ ತಿಳೀಲಾರದ ಕಳಸಲಿಕ್ಕೆ ಬರೂದಿಲ್ಲ. ಬ್ಯಾರೆ ಊರಾಗ ಯಾರನ್ನಾದ್ರೂ ಹುಡುಕಬೇಕಾಗ್ತದ.” ವಾರಿಜಾ ಕಾಗದ ಸುತ್ತಿದರು. “ನನಗ ಚಿಂತಿ ಇರೂದು ಅದರದಲ್ಲ. ಎ ವಿಭಾಗದ ಹುಡುಗರದು. ಪಟ್ಟಿ ಬಿಚ್ಚಿಸೀನಿ. ಆದ್ರ ಕಲತದ್ದು ಪಟ್ಟಿಯೊಳಗ ಇರೂದಿಲ್ಲ, ತಲಿಯೊಳಗ ಹೋಗಿ ಕುಂತಿರ್ತದ.”

“ಅದು ಹೋಗಬೇಕಂದ್ರ?”

“ಯಾರು ಕಲಿಸ್ಯಾರೋ ಅವರs ಇನ್ನೊಮ್ಮೆ ಕಲಿಸಬೇಕು. ಆ ಉಬ್ಬು ಇಲ್ಲದಂಗ.”

ಮರುದಿನ ಶನಿವಾರ ಬೆಳಗಿನ ಶಾಲೆ. ಯಾವ ಹಣೆಯ ಮೇಲೂ ಪಟ್ಟಿ ಇರಲಿಲ್ಲ. ಸೂಡಿ ಸರ್ ದಾನೇಶ್ವರಿಯನ್ನು ಬೋರ್ಡಿಗೆ ಕರೆದು ಕೌದಿ ಲೆಕ್ಕ ಕೊಟ್ಟರು. ಎಲ್ಲ ಮರೆತು ಹೋಗಿರಲಿ ಎಂದು ಅವರ ಮನಸ್ಸು ಬೇಡಿಕೊಳ್ಳುತ್ತಿತ್ತು. ಹುಡುಗಿ ದುಂಡಗಿನ ಅಕ್ಷರದಲ್ಲಿ ಒಂದನೆಯ ಹೆಜ್ಜೆ ಬರೆದಳು, ಎರಡನೆಯದು ಬರೆದಳು. ಮೂರನೆಯದಕ್ಕೆ ಬಂದಾಗ ಅವಳ ಎಡಗೈ ಮೇಲೆದ್ದಿತು. ಮೂವತ್ತಮೂರು ಮಕ್ಕಳು ಎದುರಿಗೆ ಕುಳಿತಿದ್ದರು, ಬೋರ್ಡು ಆಳೆತ್ತರವಿತ್ತು. ಆ ಹುಡುಗಿ ಅಂಗೈ ಬಿಡಿಸಿ ಬೋರ್ಡಿನ ಮೇಲೆ ಅಡ್ಡ ಹಿಡಿದು, ಅದರ ಮರೆಯಲ್ಲಿ ಒಂಬತ್ತು ಬರೆದಳು. ಕಿವಿ ಕೆಂಪಗಾಗಿತ್ತು. ಯಾರೂ ನಗಲಿಲ್ಲ. ಅಕ್ಷತಾ ಮಾತ್ರ ಕತ್ತು ಚಾಚಿ ನೋಡಲು ಹೋಗಿ, ಕಾಣದೆ ಪುಸ್ತಕ ಮುಚ್ಚಿದಳು.

ಸೂಡಿ ಸರ್‌ಗೆ ಆ ಕೈ ಯಾರದೆಂದು ಗೊತ್ತಿತ್ತು. “ಕುಂದರವಾ,” ಎಂದರು. ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೊರಗೆ ಬಂದರು.

ಹೊರಗೆ ಬರುವಾಗ ನದಾಫ್ ಟೀಚರ್ ಎದುರು ತಪ್ಪು ಒಪ್ಪಿಕೊಳ್ಳುವ ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದರು. ಎರಡು ಕೊಠಡಿಗಳ ನಡುವೆ ಹದಿನೈದು ಹೆಜ್ಜೆ. ಎಂಟನೆಯ ಹೆಜ್ಜೆಗೆ ಮನಸ್ಸು ಮೆತ್ತಗಾಯಿತು. ಸಂಜೆ ಹೇಳಿದರಾಯಿತು. ಚೀಟಿ ಬರೆದು ಕೊಟ್ಟರೂ ಆದೀತು. ಮಕ್ಕಳ ಎದುರಿಗೆ ಹಿರಿಯ ಶಿಕ್ಷಕನ ಮರ್ಯಾದೆಯೂ ಒಂದಿದೆಯಲ್ಲ. ಹೀಗೆ ಲೆಕ್ಕ ಹಾಕುತ್ತಿದ್ದಾಗ ಬಿ ವಿಭಾಗದ ಬಾಗಿಲ ಪಕ್ಕ ನಿಂತಿದ್ದ ವಾರಿಜಾ ಬೆರಳು ತುಟಿಗಿಟ್ಟು ಸನ್ನೆ ಮಾಡಿದರು. ಕೈಯಲ್ಲಿ ಸಮಯ ಅಳೆಯುವ ಗಡಿಯಾರವಿತ್ತು.

“ಒಳಗ ಹೋಗಬ್ಯಾಡ್ರಿ ಸರ್, ಕೌದಿ ಲೆಕ್ಕನ ನಡದದ,” ಎಂದು ಪಿಸುಗುಟ್ಟಿದರು.

ಸೂಡಿ ಸರ್‌ಗೆ ಜೀವ ಬಂದಂತಾಯಿತು. “ಹಂಗಾರ ಆಮ್ಯಾಲೆ ಬರ್ತೀನಿ,” ಎಂದು ತಿರುಗಿದರು.

“ಆ ನಾಕು ಸೆಕೆಂಡಿನ ಕಾರಣ ನಿನ್ನೆ ಕಣ್ಣಿಗೆ ಬಿತ್ರಿ. ಇಷ್ಟು ದಿನ ಬರೇ ಅಂಕಿ ನೋಡಿದೆ, ಮಕ್ಕಳನ್ನ ನೋಡಿರಲಿಲ್ಲ. ಮೂರನೇ ಹೆಜ್ಜಿಗೆ ಬಂದಕೂಡ್ಲೆ ತಲಿ ಎತ್ತಿ ಬಾಗಿಲ ಕಡೆ ನೋಡ್ತಾವ. ಯಾರೋ ಬಂದು ಏನೋ ಹೇಳಬೇಕು ಅನ್ನೂಹಂಗ ಕಾಯ್ತಾವ. ಬಾಗಿಲದಾಗ ಯಾರೂ ಇರೂದಿಲ್ಲ. ನಾಕು ಸೆಕೆಂಡ್ ಕಾದು, ತಾವs ತಲಿ ಬಗ್ಗಿಸಿ ಒಂಬತ್ತು ಬರೀತಾವ. ಯಾರನ್ನ ಕಾಯ್ತಾವೋ, ಕೇಳಿದ್ರ ಅವಕ್ಕೂ ಗೊತ್ತಿಲ್ಲ.”

ತಿರುಗಿದ್ದ ಸೂಡಿ ಸರ್ ಅಲ್ಲೇ ನಿಂತರು. ಮತ್ತೆ ಬಾಗಿಲ ಕಡೆಗೆ ಬಂದರು. ಹೊಸ್ತಿಲ ಮೇಲೆ ನಿಂತರು.

ಒಳಗೆ ಮೂವತ್ತೊಂದು ತಲೆಗಳು ಬಗ್ಗಿದ್ದವು. ನದಾಫ್ ಟೀಚರ್ ಮೇಜಿನ ಹತ್ತಿರ ಕುಳಿತು ಪುಸ್ತಕ ತಿದ್ದುತ್ತಿದ್ದರು. ಮೊದಲು ಕಿಟಕಿ ಪಕ್ಕದ ಹುಡುಗಿಯೊಬ್ಬಳು ತಲೆ ಎತ್ತಿದಳು. ಅವಳ ಹಿಂದೆ ಇಬ್ಬರು, ಆಮೇಲೆ ಒಂದು ಸಾಲು, ಆಮೇಲೆ ಎಲ್ಲರೂ. ಎಲ್ಲರೂ ಬಾಗಿಲ ಕಡೆ ನೋಡಿದರು. ಇಂದು ಬಾಗಿಲಲ್ಲಿ ಒಬ್ಬರಿದ್ದರು.

ಆ ನೋಟದಲ್ಲಿ ದೂರಿರಲಿಲ್ಲ, ಅವಸರವೂ ಇರಲಿಲ್ಲ. ಹನ್ನೆರಡು ವರ್ಷ ನದಾಫ್ ಟೀಚರ್ ಹೀಗೆ ಕಾದಿದ್ದರು. ಬೋರ್ಡಿನ ಮೇಲೆ ಕೌದಿ ಬರೆದಾಗಲೆಲ್ಲ, ಮೂಲೆ ತುಂಡಿನ ಹತ್ತಿರ ಬಂದಾಗಲೆಲ್ಲ ಕಾದಿದ್ದರು. ಇದು ತಿಳಿದ ಕ್ಷಣದಲ್ಲೂ ಸೂಡಿ ಸರ್‌ಗೆ ಮೊದಲು ಆದದ್ದು ಹೊಟ್ಟೆಕಿಚ್ಚೇ. ಕಾಯುವುದು ಕೂಡ ಈಕೆಗೆ ನನಗಿಂತ ಚೆನ್ನಾಗಿ ಬರುತ್ತದಲ್ಲ ಎಂದು.

ನಾಲ್ಕು ಸೆಕೆಂಡು ಮುಗಿಯಿತು. ಬಾಗಿಲಲ್ಲಿ ಜನವಿದ್ದುದರಿಂದ ಮಕ್ಕಳು ತಲೆ ಬಗ್ಗಿಸಲಿಲ್ಲ. ಐದು, ಆರು, ಏಳು. ತರಗತಿ ಇಷ್ಟು ಸುಮ್ಮನಾದದ್ದೇಕೆಂದು ನದಾಫ್ ಟೀಚರ್ ಕೂಡ ತಲೆ ಎತ್ತಿದರು.

“ಹುಡುಗರಾ,” ಎಂದರು ಸೂಡಿ ಸರ್. “ಈ ಮೂಲಿ ತುಂಡು ನಂದಲ್ಲ. ಜಿಲ್ಲಾ ತುಂಬ ನಂದು ಅಂತಾರ, ನಂದಲ್ಲ. ಇದು ನಿಮ್ಮ ಟೀಚರದು. ಹುಬ್ಬಳ್ಳ್ಯಾಗ ಊಟಕ್ಕ ಕುಂತಾಗ ಅವರು ನನಗ ಬರದು ತೋರಿಸಿದ್ರು. ನಾ ಅವರ ಹೆಸರು ಹೇಳಲಿಲ್ಲ. ಹೇಳಬೇಕಾಗಿತ್ತು.”

ಮಕ್ಕಳಿಗೆ ಇದೇನೆಂದು ಪೂರ್ತಿ ತಿಳಿಯಲಿಲ್ಲ. ಆದರೂ ಏನೋ ಬಂದು ತಲುಪಿದಂತೆ ಒಬ್ಬೊಬ್ಬರಾಗಿ ತಲೆ ಬಗ್ಗಿಸಿ ಒಂಬತ್ತು ಬರೆಯತೊಡಗಿದರು. ವಾರಿಜಾ ಗಡಿಯಾರ ನೋಡುವುದನ್ನು ಮರೆತಿದ್ದರು.

ನದಾಫ್ ಟೀಚರ್ ಕೈಯಲ್ಲಿ ಕೆಂಪು ಪೆನ್ನು ಹಾಗೇ ಇತ್ತು. ಕಣ್ಣು ತುಂಬಿತ್ತು. “ಆ ಪೇಪರ್ ಮ್ಯಾಲೆ ಶೇಂಗಾ ಚಟ್ನಿ ಬಿದ್ದಿತ್ತು, ನೆನಪೈತ್ರೇನು ಸರ?” ಎಂದರು.

“ಐತ್ರಿ,” ಎಂದರು ಸೂಡಿ ಸರ್. “ಎಣ್ಣಿ ಕಲಿ ಬಿದ್ದಲ್ಲೇ ಮೂಲಿ ಬರದಿದ್ರಿ.”

ಮುಂದಿನ ವಾರ ಇಬ್ಬರ ಕೌದಿ ಲೆಕ್ಕವನ್ನೂ ಮತ್ತೆ ದಾಖಲು ಮಾಡಲಾಯಿತು. ನದಾಫ್ ಟೀಚರ್ ಮೂರನೆಯ ಹೆಜ್ಜೆಯನ್ನು ನಿಲ್ಲದೆ ದಾಟಿದರು. ಸೂಡಿ ಸರ್ ಗೆರೆಯಲ್ಲಿ ಆ ಉಬ್ಬಿರಲಿಲ್ಲ, ಆದರೆ ಪೆನ್ಸಿಲ್ ಮೊನೆಯಷ್ಟು ಇನ್ನೇನೋ ಇತ್ತು. “ಅದು ಬ್ಯಾರೆದು. ಅದು ನನ್ನ ಕೂಡ ಮಣ್ಣಿಗೆ ಹೋಗೂದು, ಬಿಡ್ರಿ,” ಎಂದು ಅವರೇ ಹೇಳಿದರು. ರಾಜ್ಯಕ್ಕೆ ಹೋದದ್ದು ನದಾಫ್ ಟೀಚರ್ ಪಟ್ಟಿ, ಅವರ ಹೆಸರಿನಲ್ಲೇ. ಸುದ್ದಿ ಬಂದ ದಿನ ಸೂಡಿ ಸರ್ ಶಿಕ್ಷಕರ ಕೊಠಡಿಗೆ ಮತ್ತೆ ಚಹಾ ತರಿಸಿ, “ನನಗ ಹೊಟ್ಟಿ ಉರಿಯಾಕತ್ತೈತಿ, ಎಲ್ಲಾರೂ ಕೇಳ್ರಿ,” ಎಂದು ಘೋಷಿಸಿದರು. ನದಾಫ್ ಟೀಚರ್ ಬಿಸ್ಕತ್ತಿನ ತಟ್ಟೆಯನ್ನು ಅವರ ಕಡೆಗೆ ಸರಿಸಿದರು.

ಆದರೆ ಎಲ್ಲಕ್ಕಿಂತ ಮೊದಲು, ಅದೇ ಶನಿವಾರ, ಸೂಡಿ ಸರ್ ಬಿ ವಿಭಾಗದ ಬಾಗಿಲಿಂದ ನೇರವಾಗಿ ತಮ್ಮ ತರಗತಿಗೆ ಹಿಂತಿರುಗಿದ್ದರು. ಬೋರ್ಡು ಒರೆಸಿ, ಮೂಲೆ ತುಂಡು ಯಾರದೆಂದು ಮೂವತ್ತನಾಲ್ಕು ಮಕ್ಕಳಿಗೂ ಹೇಳಿ, ಲೆಕ್ಕವನ್ನು ಮೊದಲಿಂದ ಕಲಿಸಿದರು. ಆಮೇಲೆ ದಾನೇಶ್ವರಿಗೆ ಸೀಮೆಸುಣ್ಣ ಕೊಟ್ಟರು. ಮೂರನೆಯ ಹೆಜ್ಜೆಯಲ್ಲಿ ಅವಳ ಎಡಗೈ ಎದೆಯ ತನಕ ಎದ್ದು, ಅಲ್ಲೇ ಒಂದು ಗಳಿಗೆ ನಿಂತು, ಲಂಗದ ಪಕ್ಕಕ್ಕೆ ಇಳಿಯಿತು. ಬೋರ್ಡಿನ ಮೇಲೆ ಒಂಬತ್ತು ಎಲ್ಲರಿಗೂ ಕಂಡಿತು. ಮೊದಲ ಸಾಲಿನಲ್ಲಿ ಅಕ್ಷತಾ ಕತ್ತು ಚಾಚಿ ನೋಡಿದಳು, ತನ್ನ ಪುಸ್ತಕ ತೆರೆದಳು, ಬಲಬದಿಗೆ ಬಿಟ್ಟುಹೋಗಿದ್ದ ಒಂಬತ್ತನ್ನು ಸೇರಿಸಿದಳು.